ಅಪ್ಪನ ಕೋವಿ ನನ್ನ ಹೆಸರಿಗೆ ಬರಲು ಹಿಡಿದ ಹದಿಮೂರು ತಿಂಗಳು

2022ರ ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್), ಭಾಗಮಂಡಲದ ಕಡೆ ಮೂರು ದಿನದಿಂದ ಮಳೆ ಬಿಡದೆ ಹೊಡೆಯುತ್ತಿದ್ದಾಗ, ನಮ್ಮ ಅಪ್ಪ ತೀರಿಕೊಂಡರು. ಕರೆಂಟೂ ಇರಲಿಲ್ಲ, ಫೋನಿನ ಸಿಗ್ನಲ್ಲೂ ಇರಲಿಲ್ಲ. ಆದರೆ ನಮ್ಮಲ್ಲಿ ಸಾವಿನ ಸುದ್ದಿ ಮುಟ್ಟಿಸಲು ಇವೆರಡೂ ಬೇಕಾಗಿಲ್ಲ. ಅಂಗಳದಲ್ಲಿ ನಿಂತು ಒಂದರ ಹಿಂದೆ ಒಂದರಂತೆ ಎರಡು ಗುಂಡು ಹಾರಿಸಿದರೆ ಗದ್ದೆಯ ಆಚೆ ಬದಿಯ ಮನೆಯವರು ಕೊಡೆ ಹಿಡಿದು ಹೊರಟುಬಿಡುತ್ತಾರೆ. ದೊಡ್ಡಪ್ಪನ ಮಗ ಅಪ್ಪನದೇ ಜೋಡಿ ನಳಿಗೆಯ ಕೋವಿಯನ್ನು ಗೋಡೆಯಿಂದ ಇಳಿಸಿ ಆ ಎರಡು ಗುಂಡುಗಳನ್ನು ಹೊಡೆದರು. ಕೋವಿಯನ್ನು ಒರೆಸಿ ಮತ್ತೆ ಗೂಟಕ್ಕೆ ನೇತುಹಾಕಿದ್ದನ್ನು ನಾನು ನೋಡಿದೆನಾದರೂ, ಅದು ಆ ಕ್ಷಣದಿಂದ ಕಾನೂನಿನ ಪ್ರಕಾರ ಯಾರದೂ ಅಲ್ಲದ ಆಯುಧವಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಮೈಸೂರಿನಲ್ಲಿ ಉಪಾಧ್ಯಾಯನಾಗಿದ್ದು ಆಗಷ್ಟೇ ನಿವೃತ್ತನಾಗಿ ಊರಿಗೆ ಬಂದಿದ್ದ ನಾನು, 'ಕೊಡಗಿನವರಿಗೆ ಕೋವಿ ಇಡಲು ಲೈಸೆನ್ಸ್ ಬೇಡ' ಎಂಬ ಮಾತನ್ನು ಸಹೋದ್ಯೋಗಿಗಳ ಮುಂದೆ ಎಷ್ಟೋ ಸಲ ಜಂಬದಿಂದ ಆಡಿದ್ದವನು. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಮುಂದಿನ ಹದಿಮೂರು ತಿಂಗಳಲ್ಲಿ ಕಲಿತೆ.

ತಿಥಿ ಮುಗಿದ ಮೇಲೆ, ಪಂಚಾಯಿತಿಯಲ್ಲಿ ಕೆಲಸ ಮಾಡಿ ಅನುಭವವಿರುವ ನೆರೆಮನೆಯ ಹಿರಿಯರೊಬ್ಬರು ಬಂದು, "ಮರಣ ಪತ್ರ ಮಾಡಿಸುವಾಗಲೇ ಕೋವಿಯ ಕಡೆಗೂ ನೋಡಿಕೊಳ್ಳಿ ಮಾಷ್ಟ್ರೇ, ವಿನಾಯಿತಿ ಇದ್ದದ್ದು ನಿಮ್ಮ ಅಪ್ಪನಿಗೆ, ಮನೆಗಲ್ಲ" ಎಂದರು. ಆ ಸಂಜೆ ಅಪ್ಪನ ತಗಡಿನ ಪೆಟ್ಟಿಗೆ ತೆರೆದೆ. ಆರ್‌ಟಿಸಿ, ಕಂದಾಯ ರಸೀತಿ, ಕಾಫಿ ಮಂಡಳಿಯ ಹಳೆಯ ಕಾಗದಗಳ ನಡುವೆ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಅಂಟು ಕಾಗದ ಹಚ್ಚಿದ್ದ ಕೋವಿ ವಿನಾಯಿತಿ ಪತ್ರ ಸಿಕ್ಕಿತು. ಅದರಲ್ಲಿ ಅಪ್ಪನ ಹೆಸರು, ಅಜ್ಜನ ಹೆಸರು, ಕೋವಿಯ ಬಗೆ ಮತ್ತು ಸಂಖ್ಯೆ ಇದ್ದವು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಇಲ್ಲಿ ಕಾನೂನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರಲ್ಲೇ ಅನೇಕರು ಇದನ್ನು ತಪ್ಪಾಗಿ ತಿಳಿದಿದ್ದಾರೆ. 1959ರ ಆಯುಧ ಅಧಿನಿಯಮದ 3ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಕೊಡಗಿಗೂ ಆ ಕಾಯ್ದೆಯೇ ಅನ್ವಯಿಸುತ್ತದೆ. ಅದೇ ಕಾಯ್ದೆಯ 41ನೇ ಕಲಂ, ಸಾರ್ವಜನಿಕ ಹಿತದ ದೃಷ್ಟಿಯಿಂದ ಕೆಲವು ವರ್ಗದವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ನೀಡುತ್ತದೆ. ಆ ಅಧಿಕಾರದಡಿ ಹೊರಟ ಅಧಿಸೂಚನೆ ಎರಡು ಗುಂಪುಗಳನ್ನು ಹೆಸರಿಸುತ್ತದೆ: ಒಂದು, ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿ, ಇನ್ನೊಂದು, ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ, ಅಂದರೆ ಅರಸರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಉಳ್ಳವ. ನಾವು ಅರೆಭಾಷೆ ಗೌಡರು. ಆದ್ದರಿಂದ ಮೊದಲ ಗುಂಪಿಗೆ ಸೇರುವುದಿಲ್ಲ. ಜಮ್ಮಾ ಜಮೀನು ಇದ್ದರೆ ಮಾತ್ರ ಎರಡನೆಯದಕ್ಕೆ ಸೇರುತ್ತೇವೆ. ಕೊಡವ ಕುಟುಂಬದ ಗೆಳೆಯನೊಬ್ಬ ತಾನು ಹುಟ್ಟಿದ ಕಾರಣಕ್ಕೆ ಅರ್ಹನಾದರೆ, ನಾನು ನಮ್ಮ ಗದ್ದೆಯ ಕಾರಣಕ್ಕೆ ಅರ್ಹ. ಇಷ್ಟು ಸಣ್ಣ ವ್ಯತ್ಯಾಸದೊಳಗೆ ಎಷ್ಟು ಕಚೇರಿಗಳ ಮೆಟ್ಟಿಲು ಅಡಗಿದ್ದವು ಎಂಬುದು ಆಗ ತಿಳಿದಿರಲಿಲ್ಲ.

ಮೊದಲ ಕೆಲಸವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಆಯುಧವನ್ನು ಇಟ್ಟುಕೊಳ್ಳುವುದು ಯಾವುದೇ ಕಾರಣದಿಂದ ಕಾನೂನುಬದ್ಧವಲ್ಲದೆ ಹೋದಾಗ, ವಿಳಂಬವಿಲ್ಲದೆ ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಗೋಣಿಚೀಲದಲ್ಲಿ ಸುತ್ತಿ, ನಳಿಗೆ ಬಿಚ್ಚಿ, ಉಳಿದಿದ್ದ ತೋಟಾಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಜೀಪಿನಲ್ಲಿ ತೆಗೆದುಕೊಂಡು ಹೋದೆ. ಠಾಣೆಯ ಬರಹಗಾರರು ನಳಿಗೆಯ ಬುಡದಲ್ಲಿದ್ದ ಸಂಖ್ಯೆಯನ್ನು ಟಾರ್ಚು ಬಿಟ್ಟು ಓದಲು ಪ್ರಯತ್ನಿಸಿದರು. ಅರ್ಧ ಶತಮಾನದ ಎಣ್ಣೆ ಮತ್ತು ಉಜ್ಜಾಟದಲ್ಲಿ ಒಂದು ಅಂಕೆ ಮೂರೋ ಎಂಟೋ ಎಂಬಂತೆ ಸವೆದುಹೋಗಿತ್ತು. ಅಪ್ಪನ ವಿನಾಯಿತಿ ಪತ್ರದಲ್ಲಿ ಎಂಟು ಎಂದಿತ್ತು. ಭೂತಗನ್ನಡಿ ತರಿಸಿ ನೋಡಿ, ಕೊನೆಗೆ ಎಂಟೇ ಎಂದು ನಿರ್ಧರಿಸಿ ರಸೀತಿ ಬರೆದುಕೊಟ್ಟರು. ಆ ಅಂಕೆ ಮೂರೆಂದು ದಾಖಲಾಗಿದ್ದರೆ ನಾನು ಇನ್ನೊಂದು ವರ್ಷ ಅಲೆಯುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕೋವಿ ಠೇವಣಿ ಇಡುವವರು ರಸೀತಿಯಲ್ಲಿನ ಸಂಖ್ಯೆಯನ್ನು ಅಲ್ಲೇ ನಿಂತು ಹೋಲಿಸಿ ನೋಡುವುದು ಒಳ್ಳೆಯದು.

ಅನಂತರ ಮಡಿಕೇರಿಗೆ ಹೋದೆ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಸಜ್ಜನರು. ನನ್ನ ಕಾಗದಗಳನ್ನು ನೋಡುವ ಮೊದಲೇ, "ನಿಮ್ಮದು ಜನಾಂಗದ ಮೇಲೋ, ಜಮ್ಮಾದ ಮೇಲೋ ಸಾರ್?" ಎಂದು ಕೇಳಿದರು. ಜಮ್ಮಾದ ಮೇಲೆ ಎಂದೆ. "ಹಾಗಾದರೆ ಕಾಗದ ಸ್ವಲ್ಪ ಜಾಸ್ತಿ" ಎಂದು ನಕ್ಕು, ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಜಮೀನು ಜಮ್ಮಾ ಎಂದು ತೋರಿಸುವ ಆರ್‌ಟಿಸಿ, ಪಟ್ಟೆದಾರರಿಂದ ನನ್ನವರೆಗಿನ ವಂಶವೃಕ್ಷ, ಅಪ್ಪನ ಮರಣ ಪತ್ರ, ಹಳೆಯ ವಿನಾಯಿತಿ ಪತ್ರದ ಮೂಲಪ್ರತಿ, ಉಳಿದ ವಾರಸುದಾರರ ಒಪ್ಪಿಗೆ, ಠಾಣೆಯ ರಸೀತಿ, ಭಾವಚಿತ್ರಗಳು. ಇವೆಲ್ಲ ಸೇರಿದ ಮೇಲೆ ತಹಶೀಲ್ದಾರರ ವರದಿ ಒಂದು ಕಡೆಯಿಂದ, ಪೊಲೀಸರ ವರದಿ ಇನ್ನೊಂದು ಕಡೆಯಿಂದ ಬರಬೇಕು.

ಜಮ್ಮಾ ಎಂದರೇನು ಎಂಬುದನ್ನು ಘಟ್ಟದ ಕೆಳಗಿನ ಅಥವಾ ಬಯಲುಸೀಮೆಯ ಓದುಗರಿಗೆ ವಿವರಿಸದಿದ್ದರೆ ಮುಂದಿನ ಕಷ್ಟ ಅರ್ಥವಾಗಲಾರದು. ಕೊಡಗಿನ ಅರಸರ ಕಾಲದಲ್ಲಿ, ಕರೆ ಬಂದಾಗ ಆಯುಧ ಹಿಡಿದು ಬರುವ ಹೊಣೆ ಹೊತ್ತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ ಜಮ್ಮಾ. 'ಸಾಗು' ಎಂದು ಕರೆಯುವ ಸಾಮಾನ್ಯ ಹಿಡುವಳಿಯ ಜಮೀನಿಗೆ ಇದ್ದ ಕಂದಾಯದ ಅರ್ಧವನ್ನಷ್ಟೇ ಇದಕ್ಕೆ ಹಾಕುತ್ತಿದ್ದರು. ಉಳಿದರ್ಧವನ್ನು ಕುಟುಂಬ ತನ್ನ ಗಂಡಸರ ದುಡಿಮೆಯಿಂದ ತೀರಿಸುತ್ತಿತ್ತು ಎನ್ನಬಹುದು. ಗದ್ದೆಯೊಂದಿಗೆ ಸೌದೆ, ಸೊಪ್ಪು, ಮೇವಿಗೆಂದು ಬಾಣೆ ಎಂಬ ಕಾಡುಗುಡ್ಡವೂ ಸೇರಿರುತ್ತಿತ್ತು. ಈ ಭೂಮಿ ಒಬ್ಬನದಲ್ಲ, ಇಡೀ ಕುಟುಂಬದ್ದು. ದಾಖಲೆಯಲ್ಲಿ ಮಾತ್ರ ಹಿರಿಯನೊಬ್ಬನ ಹೆಸರು ಪಟ್ಟೆದಾರನೆಂದು ಇರುತ್ತದೆ. ಕೋವಿಗೂ ಭೂಮಿಗೂ ಇರುವ ಸಂಬಂಧ ಹೀಗೆ ಹುಟ್ಟಿದ್ದು. ಸೈನಿಕ ಸೇವೆ ಹೋಗಿ ಎಷ್ಟೋ ತಲೆಮಾರು ಕಳೆದರೂ ಜಮ್ಮಾ ಎಂಬ ಪದ ಆರ್‌ಟಿಸಿಯಲ್ಲಿ ಉಳಿದಿದೆ, ಅದರ ಬಾಲ ಹಿಡಿದುಕೊಂಡು ಕೋವಿಯೂ ಉಳಿದಿದೆ.

ನಮ್ಮ ಆರ್‌ಟಿಸಿಯಲ್ಲಿ ಪಟ್ಟೆದಾರರಾಗಿ ಇದ್ದವರು ನನ್ನ ಅಜ್ಜನ ಅಣ್ಣ. ಅವರು ತೀರಿಕೊಂಡಾಗ ನಾನು ಹುಟ್ಟಿಯೇ ಇರಲಿಲ್ಲ. ಅವರ ನಂತರ ಯಾರೂ ಪೌತಿ ಖಾತೆ ಮಾಡಿಸಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಗದ್ದೆಗಳನ್ನು ಬಾಯಿಮಾತಿನಲ್ಲಿ ಹಂಚಿಕೊಂಡು, ಕುಟುಂಬದ ಮೂಲಮನೆಯಾದ ಐನ್‌ಮನೆಯನ್ನು ಎಲ್ಲರದೆಂದು ಬಿಟ್ಟು, ಹುತ್ತರಿಗೆ ಒಟ್ಟಾಗಿ ಕದಿರು ತೆಗೆದು, ವ್ಯವಹಾರ ಸುಗಮವಾಗಿಯೇ ನಡೆದುಬಂದಿತ್ತು. ಅಪ್ಪ ವಿನಾಯಿತಿ ಪತ್ರ ಪಡೆದ ಕಾಲದಲ್ಲಿ ಗ್ರಾಮದ ಶಾನುಭೋಗರ ಒಂದು ಸಾಲಿನ ದೃಢೀಕರಣ ಸಾಕಾಗಿತ್ತಂತೆ. ನನಗೆ ಸಾಕಾಗಲಿಲ್ಲ. ಅಜ್ಜನ ಅಣ್ಣನಿಂದ ಇಳಿದು, ಮೂರು ಕವಲುಗಳಲ್ಲಿ ಹರಡಿ, ನಲವತ್ತೊಂದು ಮಂದಿ ಜೀವಂತ ವಾರಸುದಾರರನ್ನು ಒಳಗೊಂಡ ವಂಶವೃಕ್ಷವನ್ನು ನಾನು ಬರೆಯಬೇಕಾಯಿತು. ಮೂವತ್ತು ವರ್ಷ ಮಕ್ಕಳಿಗೆ ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಿಸಿದವನಿಗೆ ಸ್ವಂತ ಮನೆಯ ಮೂರು ತಲೆಮಾರು ನೆಟ್ಟಗೆ ಗೊತ್ತಿರಲಿಲ್ಲ. ಅವ್ವನ ನೆನಪು, ಐನ್‌ಮನೆಯ ಕಾರಣರ, ಅಂದರೆ ಪೂರ್ವಿಕರ, ಪೂಜೆಯಲ್ಲಿ ಕರೆಯುವ ಹೆಸರುಗಳು, ಎರಡು ಹಳೆಯ ಮದುವೆಯ ಕಾಗದಗಳು ಇವಿಷ್ಟೇ ನನ್ನ ಆಕರಗಳಾಗಿದ್ದವು. ಬಾಲ್ಯದಲ್ಲೇ ತೀರಿಹೋದ ಒಬ್ಬ ಅತ್ತೆಯ ಹೆಸರನ್ನು ಅವ್ವ ನೆನಪಿಸಿಕೊಂಡು ಹೇಳಿದ ಸಂಜೆ, ಕೋವಿಯ ವಿಷಯ ಮರೆತೇಹೋಗಿತ್ತು.

ಒಪ್ಪಿಗೆಯ ಸಹಿಗಳನ್ನು ಸಂಗ್ರಹಿಸಲು ಐದು ತಿಂಗಳು ಹಿಡಿಯಿತು. ಹೆಚ್ಚಿನವರು ಮರುಮಾತಾಡದೆ ಸಹಿ ಹಾಕಿದರು. ಒಬ್ಬರು ಮಾತ್ರ, ಬಾಣೆಯಲ್ಲಿನ ಎರಡು ಹಲಸಿನ ಮರದ ವಿಚಾರದಲ್ಲಿ ಅಪ್ಪನ ಮೇಲೆ ಇದ್ದ ಮುನಿಸನ್ನು ನನ್ನ ಮೇಲೆ ತೀರಿಸಿಕೊಂಡು, ಮೂರು ಸಲ ಮನೆಗೆ ಹೋದರೂ 'ನೋಡೋಣ' ಎಂದರು. ನಾಲ್ಕನೆಯ ಸಲ ಅವ್ವ ತಾನೇ ಬಂದಳು. ಮರದ ಮಾತೂ ಇಲ್ಲ, ಕೋವಿಯ ಮಾತೂ ಇಲ್ಲ. ಒಂದು ಲೋಟ ಬೆಲ್ಲದ ಕಾಫಿ ಕುಡಿದು, "ನಿನ್ನ ಅಣ್ಣನಿಗೆ ಎರಡು ಗುಂಡು ಹೊಡೆದದ್ದು ಅದೇ ಕೋವಿ" ಎಂದಷ್ಟೇ ಹೇಳಿದಳು. ಅವರು ಪೆನ್ನು ತರಿಸಿದರು.

ಅಮೆರಿಕದ ಟೆಕ್ಸಾಸಿನಲ್ಲಿರುವ ಚಿಕ್ಕಪ್ಪನ ಮಗನ ಒಪ್ಪಿಗೆ ಬರಲು ಇನ್ನಷ್ಟು ದಿನ ಹಿಡಿಯಿತು. ಅವನು ಫೋನಿನಲ್ಲಿ ನಗುತ್ತಾ, "ಇಷ್ಟೆಲ್ಲಾ ಯಾಕಣ್ಣಾ, ಇಲ್ಲಿ 2021ರ ಸೆಪ್ಟೆಂಬರಿನಿಂದ ಇಪ್ಪತ್ತೊಂದು ತುಂಬಿದ, ಕಾನೂನಿನ ನಿಷೇಧಕ್ಕೆ ಒಳಗಾಗದ ಯಾರಾದರೂ ಪರ್ಮಿಟ್ ಇಲ್ಲದೆಯೇ ಕೈಬಂದೂಕು ಕಟ್ಟಿಕೊಂಡು ಓಡಾಡಬಹುದು, ನಮ್ಮ ಕೊಡಗಿನ ಹಾಗೆಯೇ" ಎಂದ. ನಾನು ಆಗ ಒಪ್ಪಿದಂತೆ ನಕ್ಕೆನಾದರೂ, ಕಾಗದಗಳ ಜೊತೆ ಏಗುತ್ತಾ ಹೋದಂತೆ ಅವನ ಮಾತು ಸರಿಯಲ್ಲ ಎನಿಸಿತು. ಅವರದು 1791ರ ಎರಡನೆಯ ತಿದ್ದುಪಡಿಯಿಂದ ಸಂವಿಧಾನದಲ್ಲೇ ಬರೆದಿಟ್ಟ ಹಕ್ಕು. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿ ಆಯುಧದ ಮಾತು ಬರುವುದು ಬೇರೆಯೇ ರೀತಿಯಲ್ಲಿ: 19ನೇ ಅನುಚ್ಛೇದ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸೇರುವ ಹಕ್ಕನ್ನು ಕೊಡುತ್ತದೆ, 25ನೇ ಅನುಚ್ಛೇದದ ವಿವರಣೆ ಸಿಖ್ಖರ ಕಿರ್ಪಾಣವನ್ನು ಧರ್ಮಾಚರಣೆಯ ಅಂಗವೆಂದು ಮನ್ನಿಸುತ್ತದೆ. ಬಂದೂಕು ಹಿಡಿಯುವ ಹಕ್ಕು ಅಲ್ಲೆಲ್ಲೂ ಇಲ್ಲ. ನಾನು ಅರ್ಜಿ ಹಿಡಿದು ಅಲೆಯುತ್ತಿದ್ದ ದಿನಗಳಲ್ಲೇ, 2023ರ ಫೆಬ್ರವರಿಯಲ್ಲಿ, ಉತ್ತರಪ್ರದೇಶದ ಪರವಾನಗಿಯಿಲ್ಲದ ಬಂದೂಕುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಅಮೆರಿಕದ ಹೋಲಿಕೆ ಕೊಟ್ಟೇ ಹೇಳಿತು. ಕೊಡಗಿನ ವಿನಾಯಿತಿ ಒಂದು ಅಧಿಸೂಚನೆ. ಅದಕ್ಕೆ ಕೊನೆಯ ದಿನಾಂಕವೂ ಇದೆ. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್ 29ರಂದು ಹೊರಡಿಸಿದ ಆದೇಶದ ಪ್ರಕಾರ ಅದು ಚಾಲ್ತಿಯಲ್ಲಿರುವುದು 2029ರ ಅಕ್ಟೋಬರ್ 31ರವರೆಗೆ.

ಈ ವಿನಾಯಿತಿಯ ಮೂಲವನ್ನು ಹುಡುಕಿದರೆ ನಮ್ಮಂಥವರಿಗೆ ಒಂದು ವಿಚಿತ್ರ ಎದುರಾಗುತ್ತದೆ. 1857ರ ದಂಗೆಯ ನಂತರ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂದಾಗ, ಮೈಸೂರು ಮತ್ತು ಕೊಡಗಿನ ಆಡಳಿತ ನೋಡುತ್ತಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರ ನಿಷ್ಠೆ ಮತ್ತು ಶೌರ್ಯವನ್ನು ಹೊಗಳಿ ಅವರನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ನಿಷ್ಠೆ ಎಂದರೆ ಬ್ರಿಟಿಷರಿಗೆ ತೋರಿದ ನಿಷ್ಠೆ. ಅದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲು, 1837ರಲ್ಲಿ, ಅಮರ ಸುಳ್ಯದ ಕಡೆಯಿಂದ ಎದ್ದ ಬಂಡಾಯದಲ್ಲಿ ನಮ್ಮ ಅರೆಭಾಷೆ ಗೌಡರು ದೊಡ್ಡ ಸಂಖ್ಯೆಯಲ್ಲಿದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅಂದರೆ, ಬಂಡೆದ್ದವರ ಮರಿಮಕ್ಕಳಾದ ನಾವು ನಿಷ್ಠೆಗೆ ಕೊಟ್ಟ ಬಹುಮಾನದ ಪಾಲುದಾರರು. ಶೌರ್ಯ, ನಿಷ್ಠೆ ಮುಂತಾದವೆಲ್ಲ ಭಾಷಣಕ್ಕೆ ಸರಿ. ನನ್ನ ಕೈಗೆ ಕೋವಿ ಬರುವುದು ಆರ್‌ಟಿಸಿಯ ಒಂದು ಕಾಲಮಿನಲ್ಲಿ 'ಜಮ್ಮಾ' ಎಂದು ಬರೆದಿರುವುದರಿಂದ ಎಂಬುದು ನನಗೆ ಆಗ ನಿಚ್ಚಳವಾಯಿತು.

ಇದು ಇನ್ನೂ ಸ್ಪಷ್ಟವಾದದ್ದು ಸುಳ್ಯದ ಸೋದರಮಾವನ ಮನೆಯಲ್ಲಿ. ಅವರದೂ ನಮ್ಮದೇ ಜಾತಿ, ನಮ್ಮದೇ ಭಾಷೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು, ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯವನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಆ ಗೆರೆ ಇವತ್ತಿಗೂ ಸಂಪಾಜೆಯಲ್ಲಿದೆ. ಗೆರೆಯ ಆಚೆಗಿರುವ ಮಾವ ಅಡಿಕೆ ತೋಟ ಕಾಯಲು ಒಂಟಿ ನಳಿಗೆಯ ಕೋವಿ ಇಟ್ಟುಕೊಂಡಿದ್ದಾರೆ. ಅದಕ್ಕೆ ಪರವಾನಗಿ ಪಡೆದಿದ್ದಾರೆ, ಏಕೆ ಬೇಕೆಂದು ಕಾರಣ ಕೊಟ್ಟಿದ್ದಾರೆ, ಶುಲ್ಕ ಕಟ್ಟುತ್ತಾರೆ, ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ನನ್ನ ಅರ್ಜಿಯ ಕಥೆ ಕೇಳಿ ಅವರು, "ನಿನಗೆ ಲೈಸೆನ್ಸ್ ಬೇಡ ಎನ್ನುವುದಕ್ಕೆ ನೀನು ಅಲೆದಷ್ಟು, ಲೈಸೆನ್ಸ್ ಬೇಕೆಂದು ನಾನು ಅಲೆದಿಲ್ಲ ಮಾರಾಯ" ಎಂದರು. ಅದು ತಮಾಷೆಯ ಮಾತಾದರೂ ಪೂರ್ತಿ ಸುಳ್ಳಲ್ಲ. ಆದರೆ ಮಾವನ ಅರ್ಜಿಯಲ್ಲಿ 'ಕೋವಿ ಏಕೆ ಬೇಕು' ಎಂಬ ಪ್ರಶ್ನೆ ಇತ್ತು. ನನ್ನನ್ನು ಯಾರೂ ಅದನ್ನು ಕೇಳಲಿಲ್ಲ. ವಿನಾಯಿತಿಯ ನಿಜವಾದ ತೂಕ ಇರುವುದು ಅಲ್ಲಿ.

ಪೊಲೀಸರ ವಿಚಾರಣೆ ನಾನು ಅಂಜಿದಷ್ಟು ಕಠಿಣವಾಗಿರಲಿಲ್ಲ. ಬೀಟಿನ ಪೇದೆಯೊಬ್ಬರು, ಅವರ ಹಿಂದೆ ಎರಡು ದಿನ ಬಿಟ್ಟು ಎಎಸ್‌ಐ ಒಬ್ಬರು ಮನೆಗೆ ಬಂದರು. ನನ್ನ ಮೇಲೆ ಪ್ರಕರಣಗಳಿವೆಯೇ, ಮನೆಯಲ್ಲಿ ಕುಡಿತದ ಗಲಾಟೆ ಇದೆಯೇ, ಅಣ್ಣತಮ್ಮಂದಿರ ನಡುವೆ ಜಾಗದ ವ್ಯಾಜ್ಯ ಇದೆಯೇ ಎಂದು ನೆರೆಯವರನ್ನು ಕೇಳಿ ಹೇಳಿಕೆ ಬರೆದುಕೊಂಡರು. ಕೋವಿಯನ್ನು ಎಲ್ಲಿ ಇಡುತ್ತೀರಿ ಎಂದಾಗ ನಾನು ನಡುಮನೆಯ ಗೂಟ ತೋರಿಸಿದೆ. ಎಎಸ್‌ಐ ತಲೆಯಾಡಿಸಿ, "ಇದು ಫೋಟೋಕ್ಕೆ ಚೆನ್ನಾಗಿರುತ್ತದೆ ಸಾರ್, ಮನೆಯಲ್ಲಿ ಮೊಮ್ಮಕ್ಕಳು ಬಂದರೆ ಬೀಗದ ಕಪಾಟೇ ಸರಿ" ಎಂದರು. ಅವರ ಮಾತು ನ್ಯಾಯವಾಗಿತ್ತು. ಸಿಟ್ಟಿನ ಕ್ಷಣದಲ್ಲಿ, ಕುಡಿದ ಅಮಲಿನಲ್ಲಿ ಕೈಗೆಟಕುವ ಹಾಗೆ ಕೋವಿ ಗೋಡೆಯಲ್ಲಿ ತೂಗುತ್ತಿದ್ದುದರಿಂದ ಆದ ಅನಾಹುತಗಳು ನಮ್ಮ ಸೀಮೆಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಮರುವಾರ ಮಡಿಕೇರಿಯಿಂದ ಕಬ್ಬಿಣದ ಕಪಾಟು ತಂದೆ; ತೋಟಾಗಳಿಗೆ ಬೇರೆ ಬೀಗ ಹಾಕಿಸಿದೆ.

ಕಂದಾಯದ ಕಡೆಯ ವರದಿ ಅಷ್ಟು ಸುಲಭವಾಗಿ ಬರಲಿಲ್ಲ. ಗ್ರಾಮ ಲೆಕ್ಕಿಗರು ಮಹಜರು ಮಾಡಿ, ಕಂದಾಯ ಪರಿವೀಕ್ಷಕರು ಸಹಿ ಹಾಕಿ ಮೇಲೆ ಕಳುಹಿಸಿದ ಕಡತ, ಒಂದು ಕಚೇರಿಯಲ್ಲಿ ಎರಡು ತಿಂಗಳು ಕಾಣೆಯಾಯಿತು. ಪ್ರತಿ ಸೋಮವಾರ ಹೋಗಿ ಕೇಳುವುದು, 'ಸಾಹೇಬರ ಟೇಬಲ್ಲಿನಲ್ಲಿದೆ' ಎಂಬ ಉತ್ತರ ಪಡೆದು ಬರುವುದು ಅಭ್ಯಾಸವಾಯಿತು. ಕೊನೆಗೆ ಅದು ಬೇರೊಂದು ಹೋಬಳಿಯ ಬಗರ್‌ಹುಕುಂ ಕಡತಗಳ ಕಟ್ಟಿನೊಳಗೆ ಸಿಕ್ಕಿತು. ನಾನು ಮೊದಲ ದಿನವೇ ಎಲ್ಲ ಕಾಗದಗಳ ಎರಡು ಜೊತೆ ನಕಲು ಮಾಡಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದರಿಂದ ಅವರು ಹುಡುಕಲು ಒಪ್ಪಿದರು. ಕಡತ ಸಿಕ್ಕ ವಾರದಲ್ಲೇ, 2023ರ ಮಾರ್ಚ್ 29ರಂದು, ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಅಧಿಕಾರಿಗಳೆಲ್ಲ ಚುನಾವಣೆಯ ಕೆಲಸಕ್ಕೆ ಹೋದರು. ಊರಿನಲ್ಲಿ ಪ್ರತಿ ಚುನಾವಣೆಯಲ್ಲೂ ಏಳುವ ಚರ್ಚೆ ಮತ್ತೆ ಎದ್ದಿತು: ಕೋವಿಗಳನ್ನು ಠಾಣೆಯಲ್ಲಿ ಇಡಬೇಕೇ, ವಿನಾಯಿತಿದಾರರನ್ನು ಬಿಡಬೇಕೇ, ಕಾಡಾನೆ ತೋಟಕ್ಕೆ ನುಗ್ಗಿದರೆ ಹೊಣೆ ಯಾರು ಎಂದು. ಹೋಟೆಲಿನ ಬೆಂಚಿನಲ್ಲಿ ಆ ಚರ್ಚೆ ಕಾವೇರಿದಾಗ, ನನ್ನ ಕೋವಿ ಎಂಟು ತಿಂಗಳಿಂದ ಠಾಣೆಯಲ್ಲೇ ಇದೆ ಎಂದು ನಾನು ಹೇಳಿದೆ, ಎಲ್ಲರೂ ನಕ್ಕರು.

ಚುನಾವಣೆಯ ಆ ಬಿಡುವಿನಲ್ಲಿ ಹೈಕೋರ್ಟಿನ ತೀರ್ಪನ್ನು ಓದಿದೆ. ನಿವೃತ್ತ ಸೇನಾಧಿಕಾರಿಯೊಬ್ಬರು ಈ ವಿನಾಯಿತಿಯನ್ನೇ ಪ್ರಶ್ನಿಸಿದ್ದರು: ಜಾತಿ ಮತ್ತು ಪೂರ್ವಿಕರ ಭೂಮಿಯ ಆಧಾರದ ಮೇಲೆ ಕೆಲವರಿಗೆ ಮಾತ್ರ ಈ ಅನುಕೂಲ ಕೊಡುವುದು ಸಮಾನತೆಗೆ ವಿರುದ್ಧವಲ್ಲವೇ ಎಂಬುದು ಅವರ ವಾದ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾಗೊಳಿಸಿತು. ಸ್ವಾತಂತ್ರ್ಯಕ್ಕಿಂತ ಮೊದಲಿನಿಂದ ನಡೆದುಬಂದದ್ದು, ಅನಿರ್ದಿಷ್ಟ ಕಾಲದ್ದಲ್ಲದೆ ಹತ್ತು ವರ್ಷಕ್ಕೆ ಸೀಮಿತವಾದದ್ದು, ಷರತ್ತುಗಳಿಗೆ ಒಳಪಟ್ಟದ್ದು ಎಂಬುವು ಅದರ ಕಾರಣಗಳು. ತೀರ್ಪಿನಿಂದ ನನಗೆ ನೆಮ್ಮದಿಯಾಯಿತು ಎಂಬುದು ನಿಜ. ಆದರೆ ಅರ್ಜಿದಾರರ ಪ್ರಶ್ನೆ ತಳ್ಳಿಹಾಕುವಂಥದ್ದು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ತೋಟದಲ್ಲಿ ಮೂರು ತಲೆಮಾರಿನಿಂದ ದುಡಿದು, ಈಗ ಪಕ್ಕದಲ್ಲೇ ಎರಡು ಎಕರೆ ಸಾಗು ಜಮೀನು ಮಾಡಿಕೊಂಡಿರುವ ಕುಟುಂಬವೊಂದಿದೆ. ಅವರ ಬಾಳೆಯನ್ನು ತಿನ್ನುವ ಹಂದಿ ನಮ್ಮ ಗೆಣಸನ್ನು ತಿನ್ನುವ ಹಂದಿಯೇ. ಅವರು ಕೋವಿ ಬೇಕೆಂದರೆ ಪರವಾನಗಿಗೆ ಅರ್ಜಿ ಹಾಕಬೇಕು.

ಹಾಗೆಂದು ವಿನಾಯಿತಿ ಇದ್ದವರು ಹಂದಿಗೆ ಗುರಿಯಿಡಬಹುದು ಎಂದು ತಿಳಿದರೆ ಅದು ಇನ್ನೊಂದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ಕೋವಿ ವಿನಾಯಿತಿಗೂ ಸಂಬಂಧವಿಲ್ಲ. ಬೇಟೆ ಎಲ್ಲರಿಗೂ ಅಪರಾಧ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಕೊಂಡೊಯ್ಯುವುದೂ ನಿಷಿದ್ಧ, ಮತ್ತು ನಮ್ಮ ಕಡೆ ತಲಕಾವೇರಿ ಅಭಯಾರಣ್ಯದ ಗಡಿ ಎಷ್ಟೋ ಮನೆಗಳ ಹಿತ್ತಿಲಿಗೆ ಹತ್ತಿರವಿದೆ.

ಜುಲೈ ಕೊನೆಯಲ್ಲಿ ವಿನಾಯಿತಿ ಪತ್ರ ಸಿದ್ಧವಾಗಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ನಮ್ಮ ಮನೆಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಗುಮಾಸ್ತರು, "ನಡೆಯುತ್ತದೆ ಸಾರ್" ಎಂದರು. ನಲವತ್ತೊಂದು ಜನರ ವಂಶವೃಕ್ಷ ಬರೆದಿದ್ದ ನನಗೆ ನಡೆಯುತ್ತದೆ ಎನಿಸಲಿಲ್ಲ. ತಿದ್ದಿದ ಪತ್ರಕ್ಕಾಗಿ ಇನ್ನೂ ಎರಡು ವಾರ ಕಾದೆ. ಅಧಿಸೂಚನೆಯ ಷರತ್ತನ್ನು ಅವರು ಬಾಯಲ್ಲೂ ವಿವರಿಸಿದರು: ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ಕೋವಿ ಮತ್ತು ಅದಕ್ಕೆ 500 ತೋಟಾ, ಇದಕ್ಕಿಂತ ಹೆಚ್ಚು ಜೊತೆಯಲ್ಲಿರುವಂತಿಲ್ಲ. ಐನೂರು ತೋಟಾದ ಬೆಲೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆ ಷರತ್ತನ್ನು ಮೀರುವ ಭಯ ನನ್ನ ಪಿಂಚಣಿಗೆ ಇಲ್ಲ ಎಂದೆ.

ಠಾಣೆಯಿಂದ ಬಿಡಿಸಿಕೊಂಡು ಬಂದ ಕೋವಿಯ ನಳಿಗೆಯೊಳಗೆ ಒಂದು ಮಳೆಗಾಲ ಪೂರ್ತಿ ಕೂತ ತುಕ್ಕು ಇತ್ತು. ಅದು ಯಾರ ತಪ್ಪೂ ಅಲ್ಲ. ಕೊಡಗಿನ ಮಳೆಯಲ್ಲಿ ಎಣ್ಣೆ ಕಾಣದ ಕಬ್ಬಿಣದ ಗತಿಯೇ ಅಷ್ಟು. ಠೇವಣಿ ಇಡುವ ಮೊದಲು ಒಳಗೂ ಹೊರಗೂ ದಪ್ಪಗೆ ಎಣ್ಣೆ ಬಳಿಯಬೇಕಿತ್ತು ಎಂದು ಕೋವಿ ರಿಪೇರಿಯವರು ಬುದ್ಧಿ ಹೇಳಿದರು. ಎಡ ನಳಿಗೆಯ ಕುದುರೆಯ ಸ್ಪ್ರಿಂಗು ಬದಲಾಯಿಸಿ, ಕಟ್ಟಿಗೆಯ ಹಿಡಿಗೆ ಅರಗು ಹಚ್ಚಿ ಕೊಟ್ಟರು.

ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಎಂಬ ಆಯುಧಪೂಜೆಯ ಹಬ್ಬಕ್ಕೆ ಕೋವಿ ಮನೆಯಲ್ಲಿತ್ತು. ನೇಗಿಲು, ನೊಗ, ಕತ್ತಿಗಳ ಜೊತೆ ಅದನ್ನೂ ಐನ್‌ಮನೆಯ ದೀಪದ ಮುಂದೆ ಇಟ್ಟು, ನಳಿಗೆಯ ತುದಿಗೆ ಆ ಕಾಲದಲ್ಲಷ್ಟೇ ಬೇಲಿಯಲ್ಲಿ ಅರಳುವ ಕೆಂಪು-ಹಳದಿ ತೋಕ್‌ಪೂ ಸಿಕ್ಕಿಸಿದೆವು. ಹಿಂದೆ ಈ ಹಬ್ಬದ ಮರುದಿನ ಬೇಟೆಗೆ ಹೋಗುತ್ತಿದ್ದರು. ಈಗ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಗುಂಡು ಹಾರಿಸುವ ಜಾಗವನ್ನು ಹಿರಿಯರು ಈ ಸಲ ಗುಡ್ಡಕ್ಕೆ ಮುಖ ಮಾಡಿ ಹಗ್ಗ ಕಟ್ಟಿ ಗುರುತು ಮಾಡಿದ್ದರು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ವಿನಾಯಿತಿ ಇರುವುದು ಪರವಾನಗಿಯಿಂದ, ಶಿಕ್ಷೆಯಿಂದಲ್ಲ. ನಾನು ಮೂರು ತೋಟಾ ಹೊಡೆದೆ. ಮೂರೂ ತಪ್ಪಿದವು. ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿರುವ ಮಗಳು ನನ್ನ ಕೈಯಿಂದ ಕೋವಿ ತೆಗೆದುಕೊಂಡು, ಎನ್‌ಸಿಸಿಯಲ್ಲಿ ಕಲಿತ ಹಾಗೆ ಉಸಿರು ಹಿಡಿದು, ಎರಡನೆಯ ಗುಂಡಿಗೆ ಕಾಯಿ ಒಡೆದಳು.

ಮನೆಗೆ ಬರುವಾಗ ಅವಳು, "ನಿಮ್ಮ ನಂತರ ಇದು ನನ್ನ ಹೆಸರಿಗೆ ಬರುತ್ತದೆಯೇ ಅಪ್ಪಾ?" ಎಂದು ಕೇಳಿದಳು. ಮುಂದಿನ ವಾರ ಮಡಿಕೇರಿಗೆ ಹೋಗಿದ್ದಾಗ ಅದೇ ಗುಮಾಸ್ತರನ್ನು ವಿಚಾರಿಸಿದೆ. ಅವರು, "ಮೊದಲು ಆರ್‌ಟಿಸಿ ಸರಿ ಮಾಡಿಸಿ ಸಾರ್, ಅಜ್ಜನ ಅಣ್ಣನ ಹೆಸರನ್ನು ಇನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ; ನಿಮ್ಮ ಹೆಸರು ಬರಲಿ, ಮಗಳ ಹೆಸರೂ ವಂಶವೃಕ್ಷದಲ್ಲಿ ಇರಲಿ, ಆಮೇಲೆ ಅವಳ ಅರ್ಜಿ ತನ್ನಿ" ಎಂದರು. 2029 ದೂರವಿಲ್ಲ ಎಂದೂ ಸೇರಿಸಿದರು. ನಲವತ್ತೊಂದು ಹೆಸರುಗಳ ಆ ವಂಶವೃಕ್ಷದ ಉಳಿದ ಒಂದು ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಪೌತಿ ಖಾತೆಯ ಅರ್ಜಿ ಕೊಡಲು ಮರುದಿನ ಬೆಳಿಗ್ಗೆ ನಾಡಕಚೇರಿಗೆ ಹೋದೆ. ಅಲ್ಲಿ ಸರ್ವರ್ ಡೌನ್ ಆಗಿತ್ತು.